ಪೇಪರಿನ ಅಂಚಿನ ಬೆರಳುಗಳು

ಹಯಾತಸಾಹೇಬರು ಏನನ್ನಾದರೂ ಎರಡೂ ಕಣ್ಣು ತೆರೆದು ನೋಡಿದ್ದನ್ನು ನಾನು ಬಹುಕಾಲ ಕಂಡಿರಲಿಲ್ಲ. ನಲವತ್ತು ವರ್ಷ ಕ್ಯಾಮೆರಾಕ್ಕೆ ಬಲಗಣ್ಣು ಹಚ್ಚಿ ಹಚ್ಚಿ ಎಡಗಣ್ಣು ತಾನಾಗಿಯೇ ಅರ್ಧ ಮುಚ್ಚಿಕೊಂಡುಬಿಟ್ಟಿತ್ತು. ಚಹಾ ಕುಡಿಯುವಾಗಲೂ, ನಮಾಜಿಗೆ ಹೊರಟಾಗಲೂ, ಯಾರೊಡನೆಯೋ ಜಗಳಕ್ಕೆ ನಿಂತಾಗಲೂ ಅದು ಹಾಗೆಯೇ. ಸವಣೂರಿನ ಪೇಟೆಯಲ್ಲಿ ಅವರ ನಡಿಗೆಯೂ ವಿಲಕ್ಷಣ: ನಾಲ್ಕು ಹೆಜ್ಜೆ ಮುಂದಿಟ್ಟು, ಏನೋ ಕಣ್ಣಿಗೆ ಬಿದ್ದರೆ ಒಂದು ಹೆಜ್ಜೆ ಹಿಂದೆ ಸರಿದು, ಕತ್ತು ವಾರೆ ಮಾಡಿ ಅಳೆದು, ಮತ್ತೆ ಮುಂದೆ. ಹಿಂದೆ ಬರುವ ಸೈಕಲ್ಲಿನವರು ಬೈದುಕೊಂಡೇ ಪಕ್ಕಕ್ಕೆ ಸರಿಯಬೇಕು. ಬೇಸಿಗೆಯಲ್ಲೂ ಮೈಮೇಲೆ ಅದೇ ಕಂದು ಜಾಕೀಟು. ಅದರ ಎಡಗಿಸೆಯಲ್ಲಿ ಲೆನ್ಸು ಒರೆಸಲೆಂದು ತೊಳೆದು ತೊಳೆದು ಮೆತ್ತಗಾದ ಅರಿವೆಯ ತುಂಡು, ಬಲಗಿಸೆಯಲ್ಲಿ ಅಡಕೆ.

ಅವರ ಮಾತೆಂದರೆ ಒಂದೇ: “ತಡೀರಿ.” ಹಂಸಭಾವಿಯಲ್ಲಿ ನಮ್ಮ ಅಣ್ಣನ ಮದುವೆಯಾದಾಗ ಮೋಡ ಸರಿದು ಬೆಳಕು ಬೀಳುವವರೆಗೂ ಮದುಮಕ್ಕಳನ್ನು ಅಂಗಳದಲ್ಲಿ ನಿಲ್ಲಿಸಿಬಿಟ್ಟಿದ್ದರು. ಒಳಗೆ ಪಂಕ್ತಿ ಕೂತಿದೆ, ಅನ್ನ ಆರುತ್ತಿದೆ. ಗುತ್ತೆಪ್ಪ ಕಾಕಾನಿಗೆ ಸಿಟ್ಟು ನೆತ್ತಿಗೇರಿತು. “ಸಾಹೇಬ್ರ, ಲಾಡು ಖಾಲಿ ಆಗಾಕತ್ತಾವು, ನಿಮ್ಮ ಬೆಳಕಿಗೆ ಲಗೂನ ಬಾ ಅನ್ರಿ!” ಎಂದು ಕೂಗಿದರು. ಹಯಾತಸಾಹೇಬರು ಕ್ಯಾಮೆರಾದಿಂದ ಮುಖ ಎತ್ತಲೇ ಇಲ್ಲ. “ಊಟ ನಾಳೆನೂ ಐತ್ರಿ. ಇವತ್ತಿನ ಮುಖ ನಾಳಿಗೆ ಇರಂಗಿಲ್ಲ.” ನಿಜ ಹೇಳಬೇಕೆಂದರೆ, ನಮ್ಮಣ್ಣ ಜನ್ಮದಲ್ಲಿ ಒಮ್ಮೆಯಾದರೂ ಚೆಲುವನಾಗಿ ಕಂಡಿದ್ದು ಆ ಒಂದು ಫೋಟೋದಲ್ಲಿ ಮಾತ್ರ.

ಡಿಜಿಟಲ್ ಕ್ಯಾಮೆರಾಗಳು ಬಂದ ಮೇಲೆ ಅವರಿಗೆ ಹೊಸದೊಂದು ಪದವಿ ಪ್ರಾಪ್ತವಾಯಿತು. ಹಾನಗಲ್, ಶಿಗ್ಗಾಂವಿ, ಹಿರೇಕೆರೂರು ಕಡೆ ಯಾರೇ ಮೊದಲ ಕ್ಯಾಮೆರಾ ಕೊಂಡರೂ, ಅದರ ಜೊತೆಗೇ ಬರುವ ಅಗ್ಗದ ಲೆನ್ಸು ಉಪಯೋಗಕ್ಕೆ ಬಂದೀತೋ ಇಲ್ಲವೋ ಎಂದು ಕೇಳಲು ಸವಣೂರಿನ ಅವರ ಸ್ಟುಡಿಯೋಕ್ಕೆ ಬರತೊಡಗಿದರು. ಕಳೆದ ಚಳಿಗಾಲದಲ್ಲಿ ನಾನೂ ಹೋದೆ. ಬಂಕಾಪುರದ ಕೋಟೆಯ ನವಿಲುಗಳನ್ನು ಸೆರೆಹಿಡಿಯುವ ಹುಚ್ಚು ಹತ್ತಿ ಕ್ಯಾಮೆರಾ ಕೊಂಡಿದ್ದೆ. ಜೊತೆಗೆ ಬಂದ ಪ್ಲಾಸ್ಟಿಕ್ಕಿನ ಲೆನ್ಸಿನಲ್ಲಿ ನವಿಲು ಕೋಳಿಮರಿಯಷ್ಟು ಕಾಣುತ್ತಿತ್ತು. ಥೂ, ಇದನ್ನು ಎಸೆದು ಬೇರೆಯದು ತರುವುದೇ ಲೇಸೆಂದು ಮನಸ್ಸು ಮಾಡಿದ್ದೆ.

ಸಾಹೇಬರು ಲೆನ್ಸಿನ ಬಳೆಯನ್ನು ಕಿವಿಯ ಹತ್ತಿರ ಹಿಡಿದು ತಿರುಗಿಸಿದರು, ಗಾಜಿಗೆ ಉಸಿರು ಬಿಟ್ಟು ಒರೆಸಿದರು, ಕಿಟಕಿಯ ಬೆಳಕಿಗೆ ಹಿಡಿದರು. ಆಮೇಲೆ ಗೋಡೆಗೆ ಆ ದಿನದ ಪೇಪರನ್ನು ನಾಲ್ಕು ಮೊಳೆಯಿಂದ ಬಿಗಿದು ಅದರ ಫೋಟೋ ತೆಗೆದರು. ನಡುವಿನ ಅಕ್ಷರ ಸ್ಪಷ್ಟವಾಗಿದ್ದು, ಅಂಚಿನಲ್ಲೂ ಓದಲು ಬಂದರೆ ಲೆನ್ಸು ಉತ್ತಮ. ಇದೇ ಅವರ ಪರೀಕ್ಷೆ.

“ನಡಕ ಚೊಲೊ ಐತ್ರಿ ಮಾಸ್ತರ್. ಅಂಚಿಗೆ ಮಸಕು.”

“ಹಂಗಾರ ಬದಲಿ ಮಾಡ್ಲೇನ್ರಿ?”

“ಯಾರ ಫೋಟೋ ತಗಿಯಾವ್ರು?”

“ನವಿಲಿಂದು.”

“ಮನ್ಯಾಗ ಯಾರೂ ಕೇಳಿಲ್ಲೇನು?”

ಕೇಳಿದ್ದಳು. ನಮ್ಮವ್ವ ಯಂಕವ್ವ ಹೊಸ ಸೀರೆಯುಟ್ಟು ಬಾಗಿಲಲ್ಲಿ ನಿಂತು “ನಂದೂ ಒಂದು ತಗಿಯೋ ತಮ್ಮಾ” ಅಂದಿದ್ದಳು. “ತಡಿಬೇ ಯವ್ವಾ, ಚೊಲೊ ಲೆನ್ಸ್ ಬರ್ಲಿ” ಎಂದು ಜಾರಿಸಿದ್ದೆ. ನಗುತ್ತಲೇ ಇದನ್ನು ಹೇಳಿದೆ. ಸಾಹೇಬರು ನಗಲಿಲ್ಲ. ಆ ಅರಿವೆಯ ತುಂಡನ್ನು ಮಡಚುತ್ತ ತಮ್ಮ ಮನೆಯ ಮಾತು ತೆಗೆದರು.

ಅವರ ಹೆಂಡತಿ ಅಖ್ತರುನ್ನೀಸಾ ತೀರಿಕೊಂಡು ಹನ್ನೆರಡು ವರ್ಷವಾಗಿತ್ತು. ನಿಕಾಹದ ಕಾಲಕ್ಕೆ ಆಕೆಯ ತವರಿನಲ್ಲಿ ಹೆಂಗಸರ ಫೋಟೋ ತೆಗೆಸುವ ರೂಢಿ ಇರಲಿಲ್ಲ. ಆಮೇಲೆಯೂ ಆಕೆಗೆ ನಾಚಿಕೆ. ನಲವತ್ತು ದಾಟಿದ ಮೇಲೆ ಅದೇನು ಆಸೆ ಹುಟ್ಟಿತೋ, ಪ್ರತಿ ರಂಜಾನ್ ಹಬ್ಬಕ್ಕೆ ಹೊಸ ಬಟ್ಟೆ ಉಟ್ಟು ಸ್ಟುಡಿಯೋದ ಒಳಬಾಗಿಲಿಗೆ ಬಂದು ಕೇಳುತ್ತಿದ್ದಳಂತೆ. ಇವರದು ಒಂದೇ ಉತ್ತರ: ತಡಿ, ಈ ಲೆನ್ಸು ಅಗ್ಗದ್ದು, ನಿನ್ನ ಮುಖಕ್ಕೆ ಇದು ಸಾಲದು.

“ಊರ ಮಂದಿದೆಲ್ಲಾ ಅದರಾಗ ತಗದೇನ್ರಿ. ಆಕಿದೊಂದ ತಗೀಲಿಲ್ಲ,” ಎಂದರು. “ಐದು ವರ್ಷ ತಡಿ ತಡಿ ಅಂದೆ. ಜ್ವರ ಬಂತು, ಮೂರು ದಿನಕ್ಕ ಹೋದ್ಲು. ಲೆನ್ಸ್ ಆಮ್ಯಾಲೆ ಬಂತು.”

“ಒಂದೂ ಇಲ್ಲೇನ್ರಿ?”

“ಆಧಾರ ಕಾರ್ಡಿಂದೈತಿ. ಅದರಾಗ ಆಕಿ ಅಲ್ಲ, ಬ್ಯಾರೆ ಯಾರೋ ಅದಾರ.”

ಆಮೇಲೆ ಕಂಪ್ಯೂಟರ್ ಹಚ್ಚಿ ಹಳೆಯ ಫೋಟೋಗಳನ್ನು ತೆಗೆದರು. ಒಂದಾದಮೇಲೊಂದು ಬರೀ ಪೇಪರು, ಊರವರು ತಂದ ಲೆನ್ಸುಗಳ ಪರೀಕ್ಷೆಯವು. ಆಗ ಸ್ಟುಡಿಯೋದ ಗೋಡೆ ಉಬ್ಬುತಗ್ಗು. ಪೇಪರು ಸಪಾಟಾಗಿ ನಿಲ್ಲುತ್ತಿರಲಿಲ್ಲ. ಆದ್ದರಿಂದ ಅಖ್ತರುನ್ನೀಸಾ ಅಡುಗೆ ಬಿಟ್ಟು ಬಂದು ಹಿತ್ತಲಿನ ಬಿಸಿಲಲ್ಲಿ ಅದನ್ನು ಎರಡೂ ಕೈಯಿಂದ ಮುಖದೆದುರು ಬಿಗಿಯಾಗಿ ಹಿಡಿದು ನಿಲ್ಲಬೇಕು. ನಡುವೆ ಅಕ್ಷರಗಳು ಸ್ಫುಟ. ಎಡಬಲ ಅಂಚಿನಲ್ಲಿ ನಾಲ್ಕು ನಾಲ್ಕು ಬೆರಳು, ಒಂದರಲ್ಲಿ ಹಬ್ಬದ ಮೆಹಂದಿ, ಒಂದರಲ್ಲಿ ಅಂಟಿದ ಹಿಟ್ಟು. ಅಗ್ಗದ ಲೆನ್ಸು ಎಲ್ಲಿ ಸೋಲುತ್ತದೋ ಸರಿಯಾಗಿ ಅಲ್ಲಿಯೇ ಆ ಬೆರಳುಗಳು, ಎಲ್ಲವೂ ಮಸುಕು.

“ತಲಿ ಕಾಣ್ತೈತಿ, ಪೇಪರ್ ಮ್ಯಾಲೆ ಮಾಡು ಅಂತಿದ್ದೆ,” ಎಂದರು ಸಾಹೇಬರು. “ಆಕಿ ಮ್ಯಾಲೆ ಮಾಡ್ತಿದ್ಲು.”

ನಾನು ಅವರತ್ತ ತಿರುಗಿದೆ. ಅವರ ಎಡಗಣ್ಣು ಪೂರ್ತಿ ತೆರೆದಿತ್ತು. ಎರಡೂ ಕಣ್ಣಿನಿಂದ ಆ ಅಂಚನ್ನೇ ನೋಡುತ್ತಿದ್ದರು. ಆಮೇಲೆ ಲೆನ್ಸನ್ನು ನನ್ನ ಕೈಗಿತ್ತರು.

“ಅವ್ವನ್ನ ನಡಕ ನಿಲ್ಲಸ್ರಿ. ಅಂಚು ಮಸಕಿದ್ರ ಇರ್ಲಿ ಬಿಡ್ರಿ. ಹೋಗ್ರಿ, ಇವತ್ತ ತಗೀರಿ.”

ಆ ಸಂಜೆಯೇ ತೆಗೆದೆ. ಅವ್ವನ ಎಡಬಲದ ಅಂಚಿನಲ್ಲಿ ಬಾಗಿಲು, ತುಳಸಿಕಟ್ಟೆ ಎಲ್ಲ ಮಸುಕಾಗಿವೆ. ಅವ್ವ ಮಾತ್ರ ಸುಕ್ಕು ಸುಕ್ಕು ಎಣಿಸುವಷ್ಟು ಸ್ಪಷ್ಟವಾಗಿ ನಗುತ್ತಿದ್ದಾಳೆ. ಅವಳಿಗೆ ಅದನ್ನು ಎಷ್ಟು ಸಲ ತೋರಿಸಿದರೂ ಸಾಲದು.

ಗುಣದೋಷ ಬಲ್ಲವರ ಕುಲವೇ ಹೀಗೆಂದು ಕಾಣುತ್ತದೆ. ಕಂಡವರಿಗೆಲ್ಲ ಇದ್ದುದರಲ್ಲಿಯೇ ಮಾಡಿ ಕೊಟ್ಟುಬಿಡುತ್ತಾರೆ; ಯಾರ ಮೇಲೆ ಪ್ರಾಣವಿಟ್ಟಿರುತ್ತಾರೋ ಅವರನ್ನು ಮಾತ್ರ, ಇನ್ನೂ ಒಳ್ಳೆಯದು ಬರಲೆಂದು ಕಾಯಿಸುತ್ತಾರೆ. ಆ ಪ್ರೀತಿ ಸುಳ್ಳಲ್ಲ, ಕಾಯಿಸುವುದೇ ಪ್ರೀತಿಯಿಂದ. ಆದರೆ ಪೇಪರಿನ ಹಿಂದೆ ನಿಂತವರಿಗೆ ಅದು ಕಾಣುವುದಾದರೂ ಹೇಗೆ?