ಎಳೆ ಕೂಡಿಸಿದವರ ಹೆಸರು

ಗದ್ವಾಲದ ನಮ್ಮ ಬೀದಿಯಲ್ಲಿ ಹಗಲು ಹೊತ್ತು ಮಗ್ಗ ನಿಂತಿತೆಂದರೆ ಆ ಮನೆಯಲ್ಲಿ ಏನೋ ಆಗಿದೆ ಎಂದೇ ಅರ್ಥ. ಕರೆಂಟು ಹೋದರೂ ನಿಲ್ಲದ ಕೈಮಗ್ಗಗಳು ನಮ್ಮವು. ಹೋದ ಮಾರ್ಚಿನ ಒಂದು ಮಂಗಳವಾರ ಎದುರು ಮನೆಯ ಚಂದ್ರಯ್ಯನ ಮಗ್ಗ ನಿಂತಿತು. ನಾನು ಒಲೆಯ ಮೇಲಿನ ಸಾರು ಇಳಿಸಿ ಹೊರಗೆ ಬರುವಷ್ಟರಲ್ಲಿ ಅವನೇ ನಮ್ಮ ಕಟ್ಟೆಯ ಮೇಲೆ ಬಂದು ಕೂತಿದ್ದ.

"ಸುಗುಣಕ್ಕ, ನೀವು ಪುಸ್ತಕದ ನಡುವ ಬಾಳೇವು ಮಾಡಿದವ್ರು. ಒಂದು ಮಾತು ಹೇಳ್ರಿ. ಹೊಲಕ್ಕ ಇದ್ದಂಗ ಅಕ್ಷರಕ್ಕೂ ಪಟ್ಟಾ ಐತೇನು?"

"ಮೊದ್ಲು ಏನಾತು ಅಂತ ಹೇಳಪ್ಪ."

"ಸ್ರವಂತಿ ಬರದ ಪ್ರಾಜೆಕ್ಟು ಕಾಲೇಜಿನವ್ರು ವಾಪಸ್ ಕೊಟ್ಟಾರ. ಕದ್ದು ಬರದಾಳಂತ. ನೇಕಾರನ ಮಗಳು ಕಳ್ಳಿ ಅನ್ನಿಸಿಕೊಂಡ್ಲು ನೋಡ್ರಿ."

ನಾನು ಮೂವತ್ತೊಂದು ವರ್ಷ ಲೈಬ್ರರಿಯಲ್ಲಿ ಪುಸ್ತಕ ಕೊಟ್ಟು, ಪುಸ್ತಕ ತೆಗೆದುಕೊಂಡು ರಿಟೈರ್ ಆದವಳು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಬೀದಿಯವರು ಆಡಿಕೊಳ್ಳುತ್ತಾರೆ. ಪುಸ್ತಕದ ಹಾಳೆ ಹರಿದುಕೊಂಡು ಹೋಗುವವರನ್ನು ಅಷ್ಟು ವರ್ಷ ಕಂಡವಳಿಗೆ ಸಿಟ್ಟು ಇನ್ನೆಲ್ಲಿ ಇರಬೇಕು? ಆದರೂ ಅವತ್ತು ಸಿಟ್ಟಿಗಿಂತ ಮೊದಲು ಸಂಕಟವಾಯಿತು. ಸ್ರವಂತಿ ನನ್ನ ಕೈಯಲ್ಲಿ ಅಕ್ಷರ ತಿದ್ದಿದ ಹುಡುಗಿ.

ಚಂದ್ರಯ್ಯನಿಗೆ ಅವಳೊಬ್ಬಳೇ ಮಗಳು. ಆ ಮನೆಯಲ್ಲಿ ಹತ್ತನೇ ತರಗತಿ ದಾಟಿದವಳೂ ಅವಳೊಬ್ಬಳೇ. ಪಾಲಮೂರಿನಲ್ಲಿದ್ದು ಎಂ.ಎ. ಓದುತ್ತಿದ್ದಳು. ಕೊನೆಯ ಸೆಮಿಸ್ಟರಿಗೆ ಗದ್ವಾಲ ಸೀರೆಯ ಮೇಲೆ ಸಂಶೋಧನಾ ಪ್ರಬಂಧ ಬರೆಯಬೇಕಿತ್ತು. ಜೂನ್ ತಿಂಗಳಲ್ಲಿ ಸರ್ಟಿಫಿಕೇಟು ತಂದರೆ ಟೀಚರ್ ಕೆಲಸ ಕೊಡುತ್ತೇವೆ ಎಂದು ಮಕ್ತಲದ ಒಂದು ಶಾಲೆಯವರು ಮಾತು ಕೊಟ್ಟಿದ್ದರು. ಪ್ರಬಂಧ ಪಾಸಾಗದಿದ್ದರೆ ಎಂ.ಎ. ಇಲ್ಲ, ಎಂ.ಎ. ಇಲ್ಲದಿದ್ದರೆ ಕೆಲಸವೂ ಇಲ್ಲ. ಅವಳ ಗೈಡ್ ಝಾನ್ಸಿ ಮೇಡಂ ಒಳ್ಳೆಯವರು, ತಿದ್ದಿ ಬರೆಯಲು ಹತ್ತು ದಿನ ಗಡುವು ಕೊಟ್ಟಿದ್ದರು.

ನಾನು ಅವರ ಮನೆಗೆ ಹೋದೆ. ಸ್ರವಂತಿ ಗೋಡೆಗೆ ಒರಗಿ ಕೂತಿದ್ದಳು. ಅವಳ ತಾಯಿ ಮೊಗುಲಮ್ಮ ಮಗ್ಗದ ಪಕ್ಕ ಎಳೆ ಹಿಡಿದುಕೊಂಡು ಕೂತಿದ್ದಳು. ಆ ಹೆಂಗಸು ಮಾತಾಡುವುದೇ ಕಡಿಮೆ. ಪ್ರಬಂಧದ ಹಾಳೆಗಳ ತುಂಬ ಕೆಂಪು ಗೆರೆ. ನೂರು ಸಾಲಿಗೆ ಅರವತ್ತೆರಡು ಸಾಲು ಬೇರೆಯವರವು ಎಂದು ಕಂಪ್ಯೂಟರು ಹಿಡಿದುಕೊಟ್ಟಿತ್ತು.

"ಎಲ್ಲಾರೂ ಹಿಂಗ ಮಾಡ್ತಾರ ದೊಡ್ಡವ್ವ," ಎಂದಳು ಸ್ರವಂತಿ. "ನೆಟ್ಟಿನಾಗ ಇತ್ತು, ತಗೊಂಡೆ. ಅಲ್ಲಲ್ಲಿ ಮಾತು ಬದಲಿ ಮಾಡಿದ್ದೆ."

"ಯಾರದೋ ದುಡ್ಡು, ಎಲ್ಲಮ್ಮನ ಜಾತ್ರಿ," ಎಂದೆ. ನನ್ನ ಬಾಯಿ ಸುಮ್ಮನಿರುವುದಿಲ್ಲ. "ಹೂರಣ ಅವರದು, ಹೋಳಿಗಿ ಮಾತ್ರ ನಿಂದು ಅಂದ್ರ ಹೆಂಗ? ನಾಕು ಮಾತು ಬದಲಿ ಮಾಡಿದ್ರ ವಿಚಾರ ನಿಂದಾಗಲ್ಲವ್ವ."

ಚಂದ್ರಯ್ಯ ಮಗಳ ಪರ ನಿಂತ. "ಅಲ್ರೀ ಅಕ್ಕ, ನಮ್ಮಪ್ಪ ನೇಯ್ದ ಅಂಚು ನಾ ನೇಯ್ತೀನಿ. ಅವರಪ್ಪ ನೇಯ್ದದ್ದು ಅವ ನೇಯ್ದ. ನಮ್ಮನ್ನ ಯಾರರ ಕಳ್ಳರು ಅಂದ್ರೇನು? ಇದ್ದದ್ದು ನೋಡಿ ಮಾಡೋದಕ್ಕ ವಿದ್ಯೆ ಅಂತೀವಿ."

ಮಾತು ತಪ್ಪೇನಲ್ಲ. ಆದರೆ ಅವನು ಅಂಚಿನ ಮಾತೆತ್ತಿದ್ದೇ ನನಗೆ ಹಳೆಯ ಬೀದಿ ಕಣ್ಣ ಮುಂದೆ ಬಂತು. ಆಗ ಈ ಬೀದಿಯಲ್ಲಿ ನಲವತ್ತು ಮಗ್ಗಗಳಿದ್ದವು. ಬೆಳಿಗ್ಗೆ ಅವುಗಳ ಸದ್ದಿಗೇ ಏಳುತ್ತಿದ್ದೆವು. ಲಾಳಿಗೆ ನೂಲಿನ ಕಂಡಿಕೆ ಸುತ್ತುತ್ತ ಕೂತ ಹೆಂಗಸರು ಕೆಮ್ಮಿನ ಕಷಾಯ ಹೇಳಿದರೂ "ನಮ್ಮತ್ತಿ ಹೇಳ್ತಿದ್ಲು" ಎಂದೇ ಶುರು ಮಾಡುತ್ತಿದ್ದರು. ಪಕ್ಕದ ಮನೆಯ ನೇಕಾರ ಯಲ್ಲಯ್ಯ ದಿನಾ ಲೈಬ್ರರಿಗೆ ಬಂದು ಪೇಪರು ಓದಿ, ಬೇವಿನ ಮರದ ಕೆಳಗೆ ಓದಲು ಬಾರದವರಿಗೆ ಸುದ್ದಿ ಹೇಳುತ್ತಿದ್ದ. ಯಾವ ಪೇಪರು, ಎಷ್ಟನೇ ಹಾಳೆ, ಮೇಲೋ ಕೆಳಗೋ ಎಂದು ಹೇಳಿಯೇ ಮುಂದಿನ ಮಾತು. ಹೇಳದಿದ್ದರೆ ಅವರೇ ಕೇಳುತ್ತಿದ್ದರು. ಅಕ್ಷರ ಬಾರದವರು ಹಾಗಿದ್ದರು.

"ಚಂದ್ರಯ್ಯ, ನಿಮ್ಮಪ್ಪ ಯಲ್ಲಯ್ಯನ ಮನಿ ಅಂಚು ತಗೊಂಡು ನೇಯ್ದಾಗ ಏನು ಮಾಡಿದ, ನೆನಪೈತೇನು?" ಎಂದೆ.

"ಐತ್ರಿ. ಎಲಿ ಅಡಿಕಿ ಇಟ್ಟು ಕೇಳಿ ಬಂದ. ಮಗ್ಗದಿಂದ ಇಳಿದ ಮೊದಲನೇ ಸೀರಿ ಯಲ್ಲಯ್ಯನ ಬಾಗಲಿಗೆ ಒಯ್ದ. ಅವರ ಮನ್ಯಾಕಿ ಕುಂಕುಮ ಹಚ್ಚಿದ ಮ್ಯಾಲೇ ಅದು ಸೀರಿ ಕೊಳ್ಳೋ ಸಾವ್ಕಾರನ ಅಂಗಡಿಗೆ ಹೋತು. ನಾನೇ ಹೊತ್ಕೊಂಡು ಹೋಗಿದ್ದೆ."

"ಸಾವ್ಕಾರ ಯಾರ ಅಂಚು ಅಂತ ಕೇಳಿದ್ರ ನಿಮ್ಮಪ್ಪ ಏನಂತಿದ್ದ?"

"ಯಲ್ಲಯ್ಯನ ಮನೀದು ಅಂತಿದ್ದ."

"ಹಂಗಂದದ್ದಕ್ಕ ನಿಮ್ಮಪ್ಪನ ಮರ್ಯಾದಿ ಕಡಿಮಿ ಆತೇನು?"

"ಇಲ್ಲ. ಅವ್ರೂ ಇವ್ರೂ ಒಬ್ಬರ ಮನ್ಯಾಗೊಬ್ಬರು ಉಣ್ತಿದ್ರು." ಅವನ ದನಿ ಮೆತ್ತಗಾಯಿತು, ಆದರೆ ಹಟ ಬಿಡಲಿಲ್ಲ. "ಅದು ಆಗಿನ ಕಾಲ, ಅಕ್ಕ. ಯಲ್ಲಯ್ಯ ಎದುರಿಗಿದ್ದ, ಹೇಳಿದ್ವಿ. ನೆಟ್ಟಿನಾಗ ಬರದಾಂವ ಯಾವ ಊರಾಂವೋ ಏನೋ. ಅವಂಗೇನು ಗೊತ್ತಾಗ್ತೈತಿ?"

ಇವನಿಗೆ ಮಾತಿನಲ್ಲಿ ಹೇಳಿ ಸುಖವಿಲ್ಲ ಎನ್ನಿಸಿತು. ಪ್ರಬಂಧ ಇಂಗ್ಲಿಷಿನಲ್ಲಿತ್ತು. "ಸ್ರವಂತಿ, ನೀ ಬರದದ್ದು ನಿಮ್ಮಪ್ಪಗ ನಮ್ಮ ಮಾತಿನ್ಯಾಗ ಓದಿ ಹೇಳು. ಅವನಿಗೂ ತಿಳೀಲಿ," ಎಂದೆ.

ಅವಳು ಮೂರನೇ ಹಾಳೆಯಿಂದ ಶುರು ಮಾಡಿದಳು. ಗದ್ವಾಲ ಸೀರೆಯ ಒಡಲು ಹತ್ತಿಯದು, ಸೆರಗು ರೇಷ್ಮೆಯದು. ಚಂದ್ರಯ್ಯ ಹೌದೆಂದು ತಲೆಯಾಡಿಸಿದ. ಮುಂದಿನ ಸಾಲಿಗೆ ಬಂದವಳು ತಡವರಿಸಿದಳು. ಒಮ್ಮೆ ಮನಸ್ಸಿನಲ್ಲೇ ಓದಿಕೊಂಡಳು. ಆಮೇಲೆ ಸಣ್ಣ ದನಿಯಲ್ಲಿ ಹೇಳಿದಳು: "ಸೆರಗು ಬ್ಯಾರೆ ನೇಯ್ದು, ಆಮ್ಯಾಲೆ ನುರಿತ ದರ್ಜಿಗಳು ಅದನ್ನ ಸೂಜೀಲೆ ಒಡಲಿಗೆ ಹೊಲೀತಾರ."

ಮೊಗುಲಮ್ಮ ಹಿಡಿದಿದ್ದ ಎಳೆ ಕೈಬಿಟ್ಟಳು. ತಿಳಿಯದವರಿಗೆ ಹೇಳುತ್ತೇನೆ: ನಮ್ಮ ಸೀರೆಗೆ ಸೂಜಿ ತಾಗುವುದೇ ಇಲ್ಲ. ಹತ್ತಿಯ ಹಾಸಿನ, ಅಂದರೆ ಮಗ್ಗಕ್ಕೆ ಉದ್ದಕ್ಕೆ ಕಟ್ಟಿದ ನೂಲಿನ, ಒಂದೊಂದು ಎಳೆಗೂ ರೇಷ್ಮೆಯ ಒಂದೊಂದು ಎಳೆ ಸೇರಿಸಿ ಬೆರಳಲ್ಲಿ ಹೊಸೆಯುತ್ತಾರೆ. ಹಾಗೆ ಸಾವಿರಾರು ಎಳೆ. ಆ ಕೂಡಿಕೆಯಲ್ಲೇ ಗದ್ವಾಲದ ಮಾನ ಇರುವುದು.

"ಯಾವ ದರ್ಜಿ?" ಎಂದ ಚಂದ್ರಯ್ಯ.

"ನಾ ಓದಿರ್ಲಿಲ್ಲ ನಾಯ್ನಾ. ಅವಸರದಾಗ ಹಂಗೇ ಅಂಟಿಸಿದ್ದೆ," ಎಂದಳು ಸ್ರವಂತಿ. ಅಪ್ಪನನ್ನು ಅವಳು ನಾಯ್ನಾ ಎಂದೇ ಕರೆಯುವುದು.

"ಮಗ್ಗದ ಕೆಳಗ ಅಂಬೆಗಾಲಿಟ್ಟಾಕಿ ನೀನು. ಸೂಜಿ ಎಲ್ಲಿಂದ ಬಂತವ್ವ?" ಅವನು ಹಾಳೆಯನ್ನು ತಿರುಗಿಸಿ ನೋಡಿದ. "ಇದರ ಮ್ಯಾಲೆ ಯಾರ ಹೆಸರೈತಿ?"

"ನಂದೇ."

"ಈಗ ತಿಳೀತೇನಪ್ಪ?" ಎಂದೆ. "ಅಂದಾಂವನ ಹೆಸರು ಹಾಕಿದ್ರ ಆ ತಪ್ಪು ಅವಂದು. ಹೆಸರು ಮುಚ್ಚಿಟ್ಟು ಬರದದ್ದಕ್ಕ ಅದು ನಿನ್ನ ಮಗಳ ತಪ್ಪಾತು. ಓದಿದಾಂವ ಏನಂತಾನ? ನೇಕಾರರ ಮಗಳೇ ಬರದಾಳ, ಖರೇನೇ ಇರಬೇಕು ಅಂತಾನ. ನಾಳೆ ಮತ್ತೊಬ್ಬ ಇವಳನ್ನ ನೋಡಿ ಬರೀತಾನ."

ಚಂದ್ರಯ್ಯ ಬಾಗಿಲಿಗೆ ಹೋಗಿ ಹೊರಗೆ ನೋಡುತ್ತ ನಿಂತ. ಅಲ್ಲಿಂದಲೇ ತಿರುಗಿ, "ಹತ್ತು ದಿನ ಸಾಕಾಗ್ತಾವೇನಕ್ಕ?" ಎಂದು ಕೇಳಿದ.

ಸಾಕು ಎಂದೆ. ನನಗೂ ಖಾತರಿ ಇರಲಿಲ್ಲ.

ಮರುದಿನದಿಂದ ಸ್ರವಂತಿ ನಮ್ಮ ಮನೆಯಲ್ಲೇ ಕೂತಳು. ಒಂದು ನೋಟುಬುಕ್ಕಿನಲ್ಲಿ ಗೆರೆ ಹಾಕಿಸಿದೆ. ಎಡಗಡೆ ಮಾತು, ಬಲಗಡೆ ಆ ಮಾತು ಹೇಳಿದವರು. ಪುಸ್ತಕವಾದರೆ ಬರೆದವರ ಹೆಸರು, ಪುಸ್ತಕದ ಹೆಸರು, ಅಚ್ಚು ಹಾಕಿದವರು, ವರ್ಷ, ಪುಟ. ನೆಟ್ಟಿನದಾದರೆ ಅದರ ವಿಳಾಸ ಮತ್ತು ಓದಿದ ತಾರೀಖು. ಕೆಲವು ಹೆಸರು ಸಿಗದೆ ಅರ್ಧ ದಿನ ಹುಡುಕಿದೆವು. ಬರೆದುಕೊಳ್ಳುವಾಗಲೇ ಬರೆದಿಟ್ಟಿದ್ದರೆ ಅರ್ಧ ನಿಮಿಷದ ಕೆಲಸ ಎಂದು ನಾನು ಗೊಣಗಿದ್ದೇ ಗೊಣಗಿದ್ದು. ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಎಂದು ಅವಳು ಬೆನ್ನ ಹಿಂದೆ ಅಂದದ್ದೂ ಕೇಳಿಸಿತು.

"ಎಲ್ಲಾ ಮಾತಿಗೂ ಹೆಸರು ಬರೀಬೇಕಾ ದೊಡ್ಡವ್ವ?"

"ಗದ್ವಾಲದಾಗ ಕೋಟೆ ಐತಿ ಅನ್ನಾಕ ಯಾರ ಹೆಸರೂ ಬ್ಯಾಡ, ಊರಿಗೇ ಗೊತ್ತು. ಆ ಕೋಟೆ ಯಾಕ ಕಟ್ಟಿದ್ರು ಅಂತ ಯಾರರ ಹುಡುಕಿ ಹೇಳಿದ್ರ, ಅವರ ಹೆಸರು ಬೇಕು."

"ಅವರು ಬರದಂಗ ಬರದ್ರ?"

"ಅವರ ಮಾತು ಇದ್ದಂಗೇ ಬೇಕಂದ್ರ ಉದ್ಧರಣ ಚಿಹ್ನೆ ಹಾಕಿ ಬರಿ, ಹೆಸರು ಹಾಕು. ನಿನ್ನ ಮಾತಿನ್ಯಾಗ ಹೇಳ್ತೀಯಾ, ಪುಸ್ತಕ ಮುಚ್ಚಿಟ್ಟು ಬರಿ. ಆಗ್ಲೂ ಹೆಸರು ಹಾಕು. ಅವರಂದದ್ದು ತಪ್ಪು ಅನ್ಸಿದ್ರ ಅದನ್ನೂ ಬರಿ. ಸಂಶೋಧನೆ ಅಂದ್ರ ಅದೇ."

ಅವಳ ಆಧಾರ ಪುಸ್ತಕಗಳ ಪಟ್ಟಿಯಲ್ಲಿ ಎರಡರ ಹೆಸರು ನನಗೆ ಹೊಸದೆನಿಸಿತು. ಲೈಬ್ರರಿಗೆ ಫೋನು ಮಾಡಿ ಕೇಳಿದೆ, ಕಂಪ್ಯೂಟರಿನಲ್ಲಿ ಹುಡುಕಿಸಿದೆ. ಅಂಥ ಪುಸ್ತಕಗಳೇ ಇರಲಿಲ್ಲ. ಕೇಳಿದ್ದಕ್ಕೆಲ್ಲ ಉತ್ತರ ಬರೆದುಕೊಡುವ ಫೋನಿನ ಆಪ್ ಆ ಹೆಸರುಗಳನ್ನು ಹುಟ್ಟಿಸಿಕೊಟ್ಟಿತ್ತು. ಹುಡುಗಿ ಮುಖ ಮುಚ್ಚಿಕೊಂಡಳು. ಕಣ್ಣಾರೆ ನೋಡದ ಪುಸ್ತಕವನ್ನು ಪಟ್ಟಿಗೆ ಸೇರಿಸಬೇಡ ಎಂದು ಹೇಳಿ ಆ ಎರಡನ್ನೂ ಹೊಡೆದು ಹಾಕಿಸಿದೆ.

ಏಳನೇ ದಿನ ಸೂಜಿಯ ಸಾಲಿಗೆ ಬಂದೆವು. ಸರಿಯಾದದ್ದನ್ನು ಯಾರಿಂದ ಕೇಳಿ ಬರೆಯುವುದು? ಪುಸ್ತಕ ಹುಡುಕುವ ಅಗತ್ಯವೇನಿತ್ತು? ಎದುರು ಮನೆಯಲ್ಲಿ ಮಗ್ಗ ನಡೆಯುತ್ತಿತ್ತು. ನಾವಿಬ್ಬರೂ ಅಲ್ಲಿಗೆ ಹೋದೆವು.

"ನಾಯ್ನಾ, ಬರಕೊಳ್ಳಲೇನು? ನಿನ್ನ ಹೆಸರು ಹಾಕ್ತೀನಿ," ಎಂದು ಸ್ರವಂತಿ ಮೊದಲು ಒಪ್ಪಿಗೆ ಕೇಳಿದಳು. ನಾನು ಹೇಳಿಕೊಟ್ಟದ್ದೇ.

ಚಂದ್ರಯ್ಯ ಅಂಗಿ ಸರಿಮಾಡಿಕೊಂಡು ಕೂತ. ಹಾಸು ಹೇಗೆ ಹಾಕುತ್ತಾರೆ, ಅಂಚಿಗೂ ಒಡಲಿಗೂ ಲಾಳಿ ಯಾಕೆ ಬೇರೆ, ಎಲ್ಲ ಹೇಳಿದ. ಹೇಳುತ್ತ ಹೇಳುತ್ತ ಅವನ ಮುಖ ಅರಳಿತು. ಸೆರಗಿನ ಕೂಡಿಕೆಗೆ ಬಂದಾಗ, "ಎರಡೂ ಎಳಿ ಹಿಡ್ದು ಬೆರಳಿಗೆ ಬೂದಿ ಹಚ್ಚಿ ಹೊಸೀಬೇಕು," ಎಂದ.

"ಯಾವ ಬೂದಿ?" ಎಂದಳು ಸ್ರವಂತಿ, ಬರೆಯುತ್ತಲೇ.

"ಬೂದಿ ಅಂದ್ರ ಬೂದಿ. ಒಲೀದು."

"ಒಲೀದಲ್ಲ," ಎನ್ನುತ್ತ ಮೊಗುಲಮ್ಮ ಒಳಗಿನಿಂದ ಬಂದಳು. "ಸಗಣಿ ಕುಳ್ಳಿನ ಬೂದಿ, ಅರಿವ್ಯಾಗ ಸೋಸಿದ್ದು. ಒಲೀದ್ರಾಗ ಹರಳಿರ್ತಾವ, ರೇಷ್ಮಿ ಹರೀತೈತಿ. ಮಳೆಗಾಲದಾಗ ಬೂದಿ ಕಡಿಮಿ ಹಚ್ಬೇಕು."

"ಎಷ್ಟು ಹೊತ್ತು ಹಿಡೀತೈತಿ ನಾಯ್ನಾ, ಒಂದು ಸೆರಗು ಕೂಡಿಸಾಕ?"

ಚಂದ್ರಯ್ಯ ಹೆಂಡತಿಯ ಕಡೆ ನೋಡಿದ. ಅವಳು ಹೇಳಿದಳು. ಸ್ರವಂತಿ ಬರೆದುಕೊಂಡು, ಬಲಗಡೆ ಅಪ್ಪನ ಹೆಸರು ಬರೆಯತೊಡಗಿದಳು. ನೇಕಾರ, ಗದ್ವಾಲ, ಸಂದರ್ಶನದ ತಾರೀಖು. ಬರೆದದ್ದನ್ನು ಓದಿ ಹೇಳಿದಳು.

"ತಡಿ," ಎಂದ ಚಂದ್ರಯ್ಯ. "ಅದನ್ನ ಹೊಡೆದು ಹಾಕು."

"ಯಾಕ ನಾಯ್ನಾ?"

"ಮಗ್ಗದ ಮಾತಿಗೆ ನನ್ನ ಹೆಸರಿರಲಿ. ಕೂಡಿಕಿ ಮಾತಿಗೆ ನಿಮ್ಮವ್ವನ ಹೆಸರು ಬರಿ. ನನ್ನ ಕೈಲೆ ಒಂದು ಸೆರಗೂ ಕೂಡಿಸಿಲ್ಲ. ಎಲ್ಲಾ ಆಕಿದು."

"ನನ್ನ ಹೆಸರು ಯಾಕ್ರಿ? ನಾ ಏನು ಓದಿದಾಕಿ?" ಎಂದಳು ಮೊಗುಲಮ್ಮ.

ಅವನು ನೆಲ ನೋಡುತ್ತ ಹೇಳಿದ. "ಇಪ್ಪತ್ತಾರು ವರ್ಷ ಆತು. ಸಾವ್ಕಾರ ಸೀರಿ ಬಿಚ್ಚಿ, ಕೂಡಿಕಿ ಮ್ಯಾಲೆ ಬೆರಳಾಡಿಸಿ, ಕೈ ಚಲೋ ಐತಿ ಚಂದ್ರಯ್ಯ ಅಂತಾನ. ನಾ ಹ್ಞೂಂ ಅಂತ ನಿಂತ್ಕೊಂಡೀನಿ. ಒಂದಿನಾನೂ ನಿನ್ನ ಹೆಸರು ಹೇಳಿಲ್ಲ. ಮಗಳು ಕದ್ಲು ಅಂದ್ರ ಸಿಟ್ಟು ಬಂತು ನನಗ. ಆಕಿ ಕಲ್ತದ್ದು ಯಾರ ಕಡಿಂದ?"

ಇಷ್ಟು ವರ್ಷ ಎದುರು ಮನೆಯಲ್ಲಿದ್ದೇನೆ, ನಾನೂ ಚಂದ್ರಯ್ಯನ ಸೀರೆ ಎಂದೇ ಅನ್ನುತ್ತಿದ್ದೆ. ಮೊಗುಲಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು. ಚಹಾ ಇಟ್ಟ ಸದ್ದು ಕೇಳಿಸಿತು.

ಒಂಬತ್ತನೇ ದಿನ ಸ್ರವಂತಿ ಪ್ರಬಂಧ ಕೊಟ್ಟು ಬಂದಳು. ಝಾನ್ಸಿ ಮೇಡಂ ಪೂರ್ತಿ ಓದಿ ಒಪ್ಪಿಕೊಂಡರು. ಜೂನಿನಲ್ಲಿ ಅವಳು ಮಕ್ತಲದ ಬಸ್ಸು ಹತ್ತಿದಳು. ಸೂಜಿಯ ಮಾತು ಬರೆದವನ ಹೆಸರೂ ಪ್ರಬಂಧದಲ್ಲಿತ್ತು, ಅದು ತಪ್ಪೆಂಬ ಮಾತೂ ಇತ್ತು. ಆ ಮಾತಿನ ಕೆಳಗೆ ಆಧಾರ ಕೊಟ್ಟಿದ್ದಳು: ಮೊಗುಲಮ್ಮ, ಸೆರಗು ಕೂಡಿಸುವ ನೇಕಾರಳು, ಗದ್ವಾಲ. ಸಾವುಕಾರನ ಅಂಗಡಿಗೆ ಈಗ ಗಂಡ ಹೆಂಡತಿ ಇಬ್ಬರೂ ಹೋಗುತ್ತಾರೆ.

ಓದುವ ಮಕ್ಕಳೇ, ಓದಿಸುವ ತಾಯಿ ತಂದೆಯರೇ, ಈ ಮುದುಕಿಯ ಮಾತು ಒಂದಿಷ್ಟು ಕೇಳಿ. ಬೇರೆಯವರ ಪುಸ್ತಕ ಓದಿ, ಬೇರೆಯವರನ್ನು ಕೇಳಿ, ಬೇಕಾದಷ್ಟು ತೆಗೆದುಕೊಳ್ಳಿ. ತೆಗೆದುಕೊಂಡ ಹೊತ್ತಿನಲ್ಲೇ ಅವರ ಹೆಸರು ಬರೆದಿಡಿ. ಓದದೆ ಅಂಟಿಸಬೇಡಿ. ಹೆಸರು ಹೇಳಿದರೆ ನೀವು ಚಿಕ್ಕವರಾಗುವುದಿಲ್ಲ, ನಿಮ್ಮ ಮಾತಿಗೆ ಒಬ್ಬ ಸಾಕ್ಷಿ ಸಿಗುತ್ತಾನೆ. ಇವತ್ತು ನೀವು ಬರೆದ ಹಾಳೆಯನ್ನು ಮುಂದಿಟ್ಟುಕೊಂಡು ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ಕೇಳಿಕೊಳ್ಳಿ, ಇದನ್ನು ನನಗೆ ಹೇಳಿಕೊಟ್ಟವರು ಯಾರು ಎಂದು. ಅವರು ಎದುರಿಗೆ ಬಂದು ಕೂತರೂ ತಲೆ ತಗ್ಗಿಸದೆ ಓದಿ ಹೇಳುವ ಹಾಗೆ ಬರೆಯಿರಿ.