ನೀರಿನ ತೂಕ

ನಾಲ್ಕು ಗೂಟ, ಇಪ್ಪತ್ತು ಮೀಟರ್ ಹಗ್ಗ, ಕೈಯಲ್ಲಿ ಹಿಡಿದು ತೂಗುವ ಒಂದು ಕಾಟಾ. ಹುಮನಾಬಾದಿನ ಅಂಗಡಿಯಲ್ಲಿ ಎಲ್ಲ ಸೇರಿ ಆರುನೂರ ನಲವತ್ತು ರೂಪಾಯಿ. ಇಷ್ಟಿದ್ದರೆ ಇಡೀ ಪಂಚಾಯಿತಿಯ ಬೆಳೆ ಅಳೆಯಬಹುದು. ಸಂಘರತ್ನ ಮೂರನೆಯ ಗೂಟ ಹೊಡೆದ. ಕೆಸರು ಅದನ್ನು ಸದ್ದಿಲ್ಲದೆ ನುಂಗಿತು.

ಐದು ಮೀಟರಿನ ಈ ಚೌಕದೊಳಗಿನ ಉದ್ದು ಕೊಯ್ದು, ಕಾಳು ಬಿಡಿಸಿ ತೂಗಬೇಕು. ಒಂದೂವರೆ ಕಿಲೋಗಿಂತ ಕಡಿಮೆ ಬಂದರೆ ಪಂಚಾಯಿತಿಯ ಎಲ್ಲರಿಗೂ ಬೆಳೆ ವಿಮೆ. ಹೆಚ್ಚು ಬಂದರೆ ಯಾರಿಗೂ ಇಲ್ಲ.

ಕಂಪ್ಯೂಟರು ಆರಿಸಿದ ಹೊಲ ಕಾಶಿರಾಮ ಧಣಿಯದು. ಸಂಘರತ್ನನ ಮನೆ ಬಸವಕಲ್ಯಾಣದಲ್ಲಿ, ಕೃಷಿ ಇಲಾಖೆಯ ಕಚೇರಿ ಹುಮನಾಬಾದಿನಲ್ಲಿ. ಹುಟ್ಟಿದ ಈ ಊರಿಗೆ ಬರುವುದನ್ನು ಅವನು ಬಿಟ್ಟೇ ಬಿಟ್ಟಿದ್ದ. ಪಟ್ಟಿಯಲ್ಲಿ ಆ ಹೆಸರು ಕಂಡದ್ದೇ ತಡ, ಜ್ವರ ಬಂದು ಮಲಗಿದ್ದ ಇನ್ನೊಬ್ಬನ ಕೆಲಸವನ್ನು ತಾನೇ ಕೇಳಿ ಪಡೆದಿದ್ದ.

ಅವನಿಗಾಗ ಎಂಟು ವರ್ಷ. ಅವ್ವನ ವಾರದ ಕೂಲಿಗೆ ಧಣಿ ಮಳೆಯಲ್ಲಿ ನೆಂದ ಜೋಳ ತೂಗಿ ಕೊಟ್ಟಿದ್ದ. ಅವ್ವ ಗೊಣಗಿದಾಗ 'ತೂಕ ತೂಕಾನೇ' ಅಂದಿದ್ದ. ಪದವಿ ಬಂತು, ನೌಕರಿ ಬಂತು, ಆ ಜೋಳದ ರೊಟ್ಟಿಯ ಮುಗ್ಗಲು ಮಾತ್ರ ನಾಲಿಗೆ ಬಿಟ್ಟು ಹೋಗಿರಲಿಲ್ಲ.

"ನಲವತ್ತು ದಿನ ಹನಿ ಇಲ್ರಿ," ಬದುವಿನ ಮೇಲೆ ಕೂತ ಕಾಶಿರಾಮ ಹೇಳಿದ. ಮುದುಕನಾಗಿದ್ದ. "ಕೊಯ್ಯೋ ಹೊತ್ತಿಗೆ ಮೂರೇ ದಿನದಾಗ ಎಲ್ಲಾ ಸುರೀತು. ಗಿಡದಾಗೇ ಮೊಳಕಿ ಒಡದಾವ. ಸಾಹೇಬ್ರು ಯಾವೂರಿನವ್ರಿ?"

"ಇದೇ ಊರು. ಕಾಂತಾಬಾಯಿ ಮಗ."

"ಯಾವ ಕಾಂತಾಬಾಯಿ?"

"ನಿಮ್ಮ ಹೊಲದಾಗ ಹದಿನೇಳು ವರ್ಷ ದುಡಿದಾಳ್ರಿ."

"ಭಾಳ ಮಂದಿ ದುಡಿದಾರ ಬಿಡ್ರಿ." ಮುದುಕ ನಕ್ಕ. ನಗೆಯಲ್ಲಿ ಕೇಡಿರಲಿಲ್ಲ. "ಚಾ ತರಸ್ಲ್ಯಾ?"

ಧಣಿಯ ಸಿಟ್ಟಿಗೆ, ಅಂಜಿಕೆಗೆ, ಕಡೆಗೆ ಕ್ಷಮೆಗೂ ಸಂಘರತ್ನ ಉತ್ತರ ಸಿದ್ಧಮಾಡಿಕೊಂಡು ಬಂದಿದ್ದ. ಮರೆವನ್ನು ಅವನು ಎಣಿಸಿರಲಿಲ್ಲ.

ಕಾಳು ಬಿಡಿಸಿದ್ದಾಯಿತು. ವಿಮೆ ಕಂಪನಿಯಿಂದ ಬಂದಿದ್ದ ಆಸಿಫ್ ಕಾಟಾದ ಅಂಕಿ ಓದಿದ. "ಒಂದು ಕಿಲೋ ಎಂಟ್ನೂರು. ಸರ್, ಒಣಗಿಸಿ ತೂಗಬೇಕಲ್ರಿ? ಹಿಂಗ ಬರದ್ರ ನಮ್ಮ ಕಂಪನಿಗೇ ಫಾಯದಾ. ಆದ್ರೂ ನಾಳೆ ಯಾರರೆ ಕೇಳಿದ್ರ?"

"ಯಾರೂ ಕೇಳಂಗಿಲ್ಲ."

ಕಾಶಿರಾಮ ಎದ್ದು ನಿಂತ. "ಸಾಹೇಬ್ರ, ಇದು ಕಾಳಿನ ತೂಕ ಅಲ್ರಿ. ನೀರಿನ ತೂಕ."

"ತೂಕ ತೂಕಾನೇ," ಎಂದ ಸಂಘರತ್ನ.

ಹೇಳಿ ಮುದುಕನ ಮುಖ ನೋಡಿದ. ಅಲ್ಲಿ ಏನೂ ಏಳಲಿಲ್ಲ. ಅದು ತನ್ನದೇ ಮಾತೆಂದು ಕಾಶಿರಾಮನಿಗೆ ಗೊತ್ತಾಗಲಿಲ್ಲ.

ಅಣ್ಣ ಮಚ್ಚೇಂದ್ರನ ಎರಡೆಕರೆ ಉದ್ದೂ ಇದೇ ಪಂಚಾಯಿತಿಯದು. ಸಂಘರತ್ನನಿಗೆ ಅದು ನೆನಪಿತ್ತು. ನೆನಪಿದ್ದೂ ಮೊಬೈಲಿನ ಮೇಲೆ ಬೆರಳು ಒತ್ತಿತು.

ಅಂಕಿ ಹೋಯಿತು. ಹುಮನಾಬಾದು, ಬೀದರು, ದಿಲ್ಲಿ. ಈ ಸೀಮೆಯಲ್ಲಿ ಉದ್ದು ಬೇಕಾದಷ್ಟಿದೆ ಎಂದು ಯಾರೋ ತಂಪು ಕೋಣೆಯಲ್ಲಿ ಬರೆದುಕೊಳ್ಳುತ್ತಾರೆ.

"ಬರ್ಮಾದಾಗೂ ಹಿಂಗೇ ಮಳಿ ಹೊಡದದಂತ್ರಿ," ಆಸಿಫ್ ಹಗ್ಗ ಸುತ್ತುತ್ತ ಅಂದ. "ಅಲ್ಲಿಂದ್ಲೂ ಉದ್ದು ಬರಲಿಲ್ಲಂದ್ರ ಮಂದಿ ಏನು ತಿಂತಾರ್ರಿ?"

"ಅಂಕಿ ತಿಂತಾರ."

ಹೊರಡುವಾಗ ಕಾಶಿರಾಮ ಕಾಳಿನ ಚೀಲ ಅವನ ಎದೆಗೆ ಒತ್ತಿದ. "ಇಷ್ಟು ಭಾರ ಅದ ಅಂದ್ರಲ್ಲ? ಒಯ್ಯಿರಿ. ನಿಮ್ಮವ್ವಗ ಕೊಡ್ರಿ."

ಬೇಡವೆನ್ನಲು ಬಾಯಿ ತೆರೆಯುವಷ್ಟರಲ್ಲಿ ಮುದುಕ ಬೆನ್ನು ತಿರುಗಿಸಿ ನಡೆದಿದ್ದ.

ಅಣ್ಣನ ಮನೆಯಲ್ಲಿ ಅವ್ವ ಚೀಲಕ್ಕೆ ಕೈ ಹಾಕಿದಳು. ಹಿಡಿಯಷ್ಟು ತೆಗೆದು ಮೂಸಿದಳು.

"ಕಾಶಿರಾಮ ಧಣಿ ಕೊಟ್ಟನೇನು?"

"ನಿನಗ ಹ್ಯಾಂಗ ಗೊತ್ತಾತು?"

"ವಾಸನಿ. ಒಣಗಿದ್ದು ಅವನ ಕೈಲಿಂದ ಯಾವಾಗ ಬಂದದ?" ಅವ್ವ ಮೊರ ಎಳೆದುಕೊಂಡಳು. "ನಮ್ಮ ಹೊಲಾನೂ ಅಳದ್ಯಾ?"

"ಒಂದು ಹೊಲ ಅಳದ್ರ ಸಾಕು. ಎಲ್ಲಾರದೂ ಅದರಾಗೇ ಬರ್ತದ."

"ಹಂಗಾರ ವಿಮಾ ಬರ್ತದಲ್ಲಪಾ? ಮುಂದಿನ ಬೀಜಕ್ಕ ನಿಮ್ಮಣ್ಣ ಅದನ್ನೇ ನೆಚ್ಚಿ ಕುಂತಾನ."

"ನೋಡಬೇಕು," ಎಂದ ಸಂಘರತ್ನ. ಕಡೆಯ ಬಸ್ಸು ಎಷ್ಟು ಹೊತ್ತಿಗೆಂದು ಕೇಳಿದ.

ಅವ್ವ ಕಾಳನ್ನು ಮೊರಕ್ಕೆ ಸುರಿದಳು. ಕೆಟ್ಟ ಕಾಳು ಒಂದು ಕಡೆ, ಒಳ್ಳೆಯದು ಇನ್ನೊಂದು ಕಡೆ ಸರಿಸುತ್ತ ಕೂತಳು. ಅವನೂ ಕೂತು ನೋಡಿದ. ಮೊರದ ತುಂಬ ಬಿಳಿ ಮೊಳಕೆಗಳು, ಬೇರೂರಲು ಎಲ್ಲೂ ಮಣ್ಣಿಲ್ಲದೆ ಒಂದನ್ನೊಂದು ತಬ್ಬಿಕೊಂಡಿದ್ದವು.

ಒಂದು ಕಿಲೋ ಎಂಟುನೂರು ಗ್ರಾಂ ತಂದಿದ್ದ. ತಿನ್ನಲು ಬರುವಂಥದ್ದು ಎರಡು ಹಿಡಿ ಉಳಿಯಿತು.