ಹಾಲು ಹಂಚಿಕೊಂಡವನು

ದಿಕ್ಕೆಲಳ ಶವವಿದ್ದ ಜನಾಜದ ಮುಂದಿನ ಕೋಲಿಗೆ ಯೆರೋ ಹೆಗಲು ಕೊಡುವಷ್ಟರಲ್ಲಿ ಅವಳ ಮಗಳು ರಮಾತಾ ಅಡ್ಡ ಬಂದು ಅವನ ಮಣಿಕಟ್ಟು ಹಿಡಿದಳು.

"ಹೆಗಲು ತೆಗಿ, ಮಾವ."

ಹೆಂಗಸರ ಅಳು ತಟ್ಟನೆ ನಿಂತಿತು.

"ಹುಚ್ಚು ಹಿಡೀತೇನೇ ನಿಂಗೆ?" ಎಂದಳು ನೆರೆಮನೆಯ ಮುದುಕಿ ಕುಂಬೆಲ್. "ನಿಮ್ಮಮ್ಮನ್ನ ಗುಂಡಿಗಿಳಿಸೋಕೆ ಅವನಲ್ದೆ ಇನ್ಯಾರಿದಾರೆ? ಒಂದೇ ಎದೆಹಾಲು ಕುಡಿದು ಬೆಳೆದೋರು!"

ಅದು ನಿಜ. ಹುಟ್ಟುತ್ತಲೇ ತಾಯಿಯನ್ನು ಕಳೆದುಕೊಂಡ ಯೆರೋನಿಗೆ ದಿಕ್ಕೆಲಳ ತಾಯಿಯೇ ಮೊಲೆಯೂಡಿಸಿದ್ದಳು. ಹಾಲು ಹಂಚಿಕೊಂಡ ತಮ್ಮ ಎಂದೇ ದಿಕ್ಕೆಲ್ ಅವನನ್ನು ಕರೆಯುತ್ತಿದ್ದಳು.

*

ನಲವತ್ತು ವರ್ಷ ದಿಕ್ಕೆಲ್ ನಸುಕಿಗೇ ಎದ್ದು ಏಳು ಹಸು ಕರೆದು, ಹಾಲು ತುಂಬಿದ ಸೋರೆಬುರುಡೆ ಹೊತ್ತು ದಾಹ್ರಾ ಪೇಟೆಗೆ ನಡೆದಿದ್ದಳು. ಮನೆಯ ಸಜ್ಜೆ, ಸೋಪು, ರಮಾತಾಳ ಮದುವೆ, ಎಲ್ಲ ಆ ಹಾಲಿನದೇ. ಪೇಟೆಯಲ್ಲಿ ಅದರ ಬಹುಪಾಲನ್ನು ಕೊಂಡು ತನ್ನ ಅಂಗಡಿಯಲ್ಲಿ ಮಾರುತ್ತಿದ್ದವನು ಯೆರೋ.

ಪರದೇಶದ ಹಾಲಿನ ಪುಡಿಯ ಮೇಲೆ ಸುಂಕ ಇಳಿದ ವರ್ಷ ಅವನ ಅಂಗಡಿಯಲ್ಲಿ ಚೀಲಗಳು ಸೂರು ಮುಟ್ಟಿದವು. ನೀರಿಗೆ ಕದಡಿದರೆ ಸಾಕು, ಅರ್ಧ ಬೆಲೆಗೆ ಹಾಲು. ಅಕ್ಕನ ಹಾಲು ಕೊಳ್ಳುವುದನ್ನು ಅವನು ನಿಲ್ಲಿಸಿದ. "ಅವನಿಗೂ ಹೊಟ್ಟೆ ಇದೆಯಲ್ಲೇ" ಎಂದು ದಿಕ್ಕೆಲ್ ಸಹಿಸಿದಳು. ಕೆಲವು ಹಳೆಯ ಗಿರಾಕಿಗಳು ಇನ್ನೂ ಅವಳನ್ನೇ ಕಾಯುತ್ತಿದ್ದರು. ಅದೂ ಯೆರೋನ ಕಣ್ಣು ಕುಕ್ಕಿತು. ಒಂದು ದಿನ ನಡುಸಂತೆಯಲ್ಲಿ ಅವಳ ಬುರುಡೆಯತ್ತ ಬೆರಳು ಚಾಚಿ ಕೂಗಿದ: "ಆ ಹಾಲು ಕುಡೀಬೇಡ್ರಪ್ಪೋ! ಹಸುಗೆ ರೋಗ!"

ಯಾವ ಹಸುವಿಗೂ ರೋಗವಿರಲಿಲ್ಲ. ಬುರುಡೆ ಮಾತ್ರ ತುಂಬಿದ್ದು ತುಂಬಿದಂತೆಯೇ ಮನೆಗೆ ಬಂತು. ಮರುದಿನವೂ ಹಾಗೆಯೇ. ಎರಡು ವರ್ಷದಲ್ಲಿ ಏಳೂ ಹಸುಗಳು ಕಟುಕರ ಪಾಲಾದವು. ಆಮೇಲೂ ದಿಕ್ಕೆಲ್ ನಸುಕಿಗೇ ಎದ್ದು ಬರಿದಾದ ದೊಡ್ಡಿಯಲ್ಲಿ ಹೋಗಿ ಕೂರುತ್ತಿದ್ದಳು. ಮೂರು ದಿನದ ಜ್ವರ ಅವಳನ್ನು ಒಯ್ದಿತು.

*

"ಮಣ್ಣು ಮಾಡೋ ಹೊತ್ತಲ್ಲಿ ಹಗೆ ಬೇಡ ಮಗಳೇ, ಕ್ಷಮಿಸು" ಎಂದರು ಇಮಾಮರು.

"ಅವನು ಒಂದು ಮಾತು ಹೇಳಲಿ ಅಜ್ಜಾ, ಕ್ಷಮಿಸ್ತೀನಿ." ಅಮ್ಮ ಬದುಕಿದ್ದಷ್ಟು ದಿನ ರಮಾತಾಳಿಗೆ ಈ ಬಗ್ಗೆ ಬಾಯಿ ತೆರೆಯಗೊಟ್ಟಿರಲಿಲ್ಲ. ಇವತ್ತು ಅಂಗಳದ ತುಂಬ ಯೆರೋನ ಗಿರಾಕಿಗಳೇ ನಿಂತಿದ್ದರು. "ಅಮ್ಮನ ಹಾಲಲ್ಲಿ ರೋಗ ಇತ್ತಾ, ಮಾವ? ಇತ್ತು ಅಂದ್ರೆ ರೋಗದೋಳ ಹೆಣ ಮುಟ್ಟಬೇಡ. ಇರ್ಲಿಲ್ಲ ಅಂದ್ರೆ, ಅವತ್ತು ಕೂಗಿದಷ್ಟೇ ಜೋರಾಗಿ ಕೂಗು, ಸುಳ್ಳು ಹೇಳ್ದೆ ಅಂತ. ಆಮೇಲೆ ಹೊರು."

"ವ್ಯಾಪಾರ ಅಂದ್ಮೇಲೆ... ಇಲ್ಲಿ ಬೇಡ ರಮಾತಾ. ಇನ್ನೊಂದಿನ ಕೂತು ಮಾತಾಡೋಣ."

"ಅವಳಿಗೆ ಇನ್ನೊಂದಿನ ಇಲ್ಲ."

ಯೆರೋ ಗಿರಾಕಿಗಳ ಮುಖ ನೋಡಿದ. ಕೋಲನ್ನು ಇನ್ನೂ ಬಿಗಿಯಾಗಿ ಹಿಡಿದ.

ರಮಾತಾ ಅವನ ಬೆರಳುಗಳನ್ನು ಒಂದೊಂದಾಗಿ ಕೋಲಿನಿಂದ ಬಿಡಿಸಿದಳು. ಇಮಾಮರು ತಾವೇ ಬಂದು ಅಲ್ಲಿ ಹೆಗಲು ಕೊಟ್ಟರು.

ಜನಾಜಾ ಮುಳ್ಳುಬೇಲಿ ದಾಟಿತು. ಗಂಡಸರು ಯೆರೋನ ಎರಡೂ ಬದಿಯಿಂದ ಸರಿದು ಹೋದರು. ಒಬ್ಬನೂ ಸಲಾಮು ಹೇಳಲಿಲ್ಲ. ಅಂಗಳದ ನಡುವೆ ಅವನು ಒಂದು ಹೆಗಲನ್ನು ತಗ್ಗಿಸಿಕೊಂಡು, ಭಾರ ಹೊತ್ತವನಂತೆ ನಿಂತೇ ಇದ್ದ.